ಪಿಟೀಲಿನ ಎರಡನೇ ಕಾಲ ನನ್ನ ಕೈಗೆ ಬಂದ ಬಗೆ

ಎರಡನೇ ಕಾಲ, ಅಂದರೆ ಅದೇ ತಾಳದಲ್ಲಿ ಸ್ವರಗಳನ್ನು ದುಪ್ಪಟ್ಟು ವೇಗದಲ್ಲಿ ನುಡಿಸುವುದು, ಬರಬೇಕಾದರೆ ಬೆರಳಿಗೆ ವೇಗ ಬರಬೇಕು ಅಂತ ಸಾಮಾನ್ಯವಾಗಿ ಎಲ್ಲರೂ ಹೇಳುತ್ತಾರೆ. ನನ್ನ ತೊಡಕು ಇದ್ದದ್ದು ಬಲಗೈಯಲ್ಲಿ, ಕಮಾನು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ. ಅದು ಗೊತ್ತಾದ ಮೇಲೆ ನನ್ನ ಬೆಳಗಿನ ಅಭ್ಯಾಸದ ರೀತಿಯೇ ಬದಲಾಯಿತು.

ಹೈಸ್ಕೂಲಿನಲ್ಲಿದ್ದಾಗ ಜೂನಿಯರ್ ಪರೀಕ್ಷೆಯವರೆಗೆ ಕಲಿತಿದ್ದೆ. ಆಮೇಲೆ ಓದು, ಕೆಲಸ, ಮನೆ ಅಂತ ಪಿಟೀಲು ಪೆಟ್ಟಿಗೆಯಲ್ಲೇ ಉಳಿಯಿತು. ವರ್ಷಗಳಾದ ಮೇಲೆ ಮತ್ತೆ ಪಾಠಕ್ಕೆ ಸೇರಿದಾಗ ಜೊತೆಯವರೆಲ್ಲ ಮೋಹನ ರಾಗದ ಆದಿತಾಳ ವರ್ಣವನ್ನು (ಅಭ್ಯಾಸಕ್ಕೂ ಕಛೇರಿಯ ಶುರುವಿಗೂ ನುಡಿಸುವ ರಚನೆ) ಎರಡು ಕಾಲದಲ್ಲೂ ಸಲೀಸಾಗಿ ನುಡಿಸುತ್ತಿದ್ದರು. ನನಗೆ ಒಂದನೇ ಕಾಲ ಮಾತ್ರ ಬರುತ್ತಿತ್ತು. ಅದೇ ತಾಳದಲ್ಲಿ ಸ್ವರಗಳು ದುಪ್ಪಟ್ಟಾದ ಕೂಡಲೇ ನಾದ ಒಡೆದುಹೋಗುತ್ತಿತ್ತು. "ನೋಡಮ್ಮ, ವಾರಕ್ಕೊಮ್ಮೆ ನನ್ನ ಮುಂದೆ ನುಡಿಸಿದರೆ ಇದು ಬರಲ್ಲ. ದಿನಾ ಒಂದೇ ಹೊತ್ತಿಗೆ ಕೂತ್ಕೋ, ಮುಕ್ಕಾಲು ಗಂಟೆ ಸಾಕು" ಅಂದರು ನಮ್ಮ ಮೇಡಂ.

ನನಗೆ ಸಿಕ್ಕಿದ ಹೊತ್ತು ಬೆಳಿಗ್ಗೆ ಐದೂವರೆಯಿಂದ ಆರೂಕಾಲು. ಅಪಾರ್ಟ್‌ಮೆಂಟಿನಲ್ಲಿ ಆ ಹೊತ್ತಿಗೆ ಪಿಟೀಲು ಅಂದರೆ ಪಕ್ಕದ ಮನೆಯವರ ನಿದ್ದೆಯ ಪ್ರಶ್ನೆ. ಹಾಗಾಗಿ ಪಿಟೀಲಿನ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ಸಣ್ಣ ಹಲಗೆ) ಮೇಲೆ ಸದ್ದು ತಗ್ಗಿಸುವ ರಬ್ಬರಿನ ಮ್ಯೂಟ್ ಸಿಕ್ಕಿಸುತ್ತೇನೆ. ನಾದ ತುಂಬಾ ಸಣ್ಣದಾಗುತ್ತದೆ. ಆದರೆ ಒಂದು ಮಾತು: ಮ್ಯೂಟ್ ಹಾಕಿದಾಗ ಕಮಾನಿನ ಕರಕರ ಸರಿಯಾಗಿ ಕೇಳಿಸುವುದಿಲ್ಲ. ಅದಕ್ಕೇ ಭಾನುವಾರ ಸಂಜೆ ಮ್ಯೂಟ್ ತೆಗೆದು ಅದೇ ಪಾಠವನ್ನು ನುಡಿಸಿ ನೋಡುತ್ತೇನೆ. ಮ್ಯೂಟ್ ಇಟ್ಟುಕೊಂಡು ಅಭ್ಯಾಸ ಮಾಡುವವರು ಇದನ್ನು ಬಿಡಬಾರದು.

ಮೊದಲು ಶ್ರುತಿ. ನಮ್ಮ ಕರ್ನಾಟಕ ಸಂಗೀತ ಪದ್ಧತಿಯಲ್ಲಿ ಪಿಟೀಲಿನ ನಾಲ್ಕು ತಂತಿಗಳು ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಸ–ಪ–ಸ–ಪ. ತಂಬೂರಿ ಆ್ಯಪ್ ಹಾಕಿಕೊಂಡು ತಂತಿ ಕೂಡಿಸಿ, ಬೆರಳಿಡದೆ ಒಂದೊಂದು ತಂತಿಯ ಮೇಲೂ ಕಮಾನನ್ನು ತುದಿಯಿಂದ ತುದಿಗೆ ನಿಧಾನವಾಗಿ ಎಳೆಯುತ್ತೇನೆ. ಕೇಳುವುದಕ್ಕೆ ಏನೂ ಅನ್ನಿಸದ ಕೆಲಸ, ಆದರೆ ಇದನ್ನು ಬಿಟ್ಟ ದಿನ ಮುಂದಿನದ್ಯಾವುದೂ ಹಿಡಿತಕ್ಕೆ ಬರುವುದಿಲ್ಲ. ಮೈಸೂರು ಟಿ. ಚೌಡಯ್ಯನವರು (1895–1967) ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದವರು. ಮೈಕ್ ಇಲ್ಲದ ಕಛೇರಿಯಲ್ಲಿ ಹಿಂದೆ ಕೂತವರಿಗೂ ಕೇಳಬೇಕು ಅನ್ನುವುದು ಅವರ ಉದ್ದೇಶ. ಅಷ್ಟು ತಂತಿಗಳನ್ನು ಒಂದೇ ಹದದಲ್ಲಿ ನುಡಿಸಲು ಕಮಾನಿನ ಮೇಲೆ ಎಂಥ ಹಿಡಿತ ಬೇಕು! ಖಾಲಿ ತಂತಿ ಎಳೆಯುವಾಗ ನನಗೆ ಅವರ ನೆನಪೇ ಜಾಸ್ತಿ.

ಆಮೇಲೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ. ಒಂದನೇ ಕಾಲದಲ್ಲಿ ಒಂದು ಸ್ವರಕ್ಕೆ ಒಂದು ಕಮಾನು, ಎರಡನೇ ಕಾಲದಲ್ಲಿ ಒಂದು ಕಮಾನಿಗೆ ಎರಡು ಸ್ವರ, ಮೂರನೇ ಕಾಲದಲ್ಲಿ ನಾಲ್ಕು. ಕಾಲ ಬದಲಾದರೂ ಕಮಾನಿನ ನಡೆ ಬದಲಾಗಬಾರದು, ಗಾಬರಿಯಾಗಬಾರದು. ಪ್ರತಿ ಸ್ವರವೂ ಎರಡೆರಡು ಸಲ ಬರುವ ಜಂಟಿ ವರಸೆಯಲ್ಲಿ ಎರಡನೇ ಸ್ವರಕ್ಕೆ ಕೆಳಗಿನ ಸ್ವರವನ್ನು ಚಿಟಿಕೆಯಷ್ಟು ಮುಟ್ಟಿ ಒತ್ತು ಕೊಡಬೇಕು. ಆ ಸ್ಫುರಿತ ಬರದೆ ಹೋದರೆ ಜಂಟಿ ಅನ್ನುವುದು ಸುಮ್ನೆ ಎರಡು ಸಲ ಸ್ವರ ಹೇಳಿದ ಹಾಗೆ.

ಇಷ್ಟಾದ ಮೇಲೆ ಉಳಿದ ಹೊತ್ತೆಲ್ಲ ಗಂಟಿಗೆ, ಅಂದರೆ ವರ್ಣದಲ್ಲಿ ಕೈ ತೊಡಕುವ ಜಾಗಕ್ಕೆ. ವರ್ಣವನ್ನು ಆದಿಯಿಂದ ಅಂತ್ಯದವರೆಗೆ ಮತ್ತೆ ಮತ್ತೆ ನುಡಿಸುವುದನ್ನು ನಾನು ನಿಲ್ಲಿಸಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ನಾದ ಒಡೆಯುವ ಜಾಗಗಳು ಬಹುಪಾಲು ಒಂದೇ ಥರದವು ಅಂತ ಗೊತ್ತಾಯಿತು: ಪ ಗ ರಿ ಸ. ಪಂಚಮ (ಪ) ಮೊದಲನೇ ತಂತಿಯಲ್ಲಿ, ಅಂದರೆ ಎಲ್ಲಕ್ಕಿಂತ ಸಣ್ಣ ತಂತಿಯಲ್ಲಿ, ಬೆರಳಿಡದೆ ಖಾಲಿಯಾಗಿ ನುಡಿಯುತ್ತದೆ. ಗಾಂಧಾರ (ಗ) ಅದರ ಪಕ್ಕದ ಎರಡನೇ ತಂತಿಯಲ್ಲಿದೆ. ಬೆರಳು ಗಾಂಧಾರದ ಮೇಲೆ ಆಗಲೇ ಕೂತಿರುತ್ತದೆ, ಕಮಾನು ಮಾತ್ರ ಇನ್ನೂ ದಾಟಿರುವುದಿಲ್ಲ. ಆ ಚೂರು ತಡಕ್ಕೆ ಎರಡು ತಂತಿಯೂ ಒಟ್ಟಿಗೆ ಕೂಗುತ್ತವೆ.

ಅದಕ್ಕೆ ಎಡಗೈಯನ್ನು ಪೂರ್ತಿ ತೆಗೆದುಬಿಟ್ಟೆ. ಬರೀ ಖಾಲಿ ತಂತಿ: ಪ ಸ ಪ ಸ. ಲಯಕ್ಕೆ ಟಿಕ್ ಟಿಕ್ ಬಡಿಯುವ ಮೆಟ್ರೋನೋಮನ್ನು ನಿಮಿಷಕ್ಕೆ 50ಕ್ಕೆ ಇಟ್ಟು, ಮೊಣಕೈ ಎಷ್ಟು ಎತ್ತಿದರೆ ಎರಡನೇ ತಂತಿ ಸಿಗುತ್ತದೆ ಅಂತ ಕಣ್ಣಿಟ್ಟು ನೋಡಿದೆ. ಕಂಡದ್ದು ಇಷ್ಟು: ಮೊಣಕೈ ಜಾಸ್ತಿ ಆಡಬೇಕಿಲ್ಲ, ಮಣಿಕಟ್ಟಿನ ಸಣ್ಣ ಬಾಗು ಸಾಕು. ಕಮಾನಿನ ನಡುಭಾಗದಲ್ಲಿ ದಾಟಿದರೆ ಇನ್ನೂ ಸುಲಭ. ಕೈಗೆ ಇದು ಒಗ್ಗಿದ ಮೇಲೆ ಎಡಗೈ ಸೇರಿಸಿ ಪಪ ಗಗ ರಿರಿ ಸಸ ಅಂತ ಜಂಟಿಯಾಗಿ ನುಡಿಸಿದೆ. ಆಮೇಲೆ ಮೊದಲ ಸ್ವರ ಉದ್ದ, ಎರಡನೆಯದು ಚಿಕ್ಕದು. ಆಮೇಲೆ ಅದರ ತಿರುಗುಮುರುಗು. ಕೊನೆಗೆ ಸರಿಸಮ. ಸದ್ದು ಶುದ್ಧವಾಗಿ ಬಂದರೆ ಮಾತ್ರ ಮೆಟ್ರೋನೋಮನ್ನು ನಾಲ್ಕು ಅಂಕಿ ಮೇಲಕ್ಕೆ. ಇಲ್ಲದಿದ್ದರೆ ಅಲ್ಲೇ. ಎಷ್ಟೋ ದಿನ ಅಲ್ಲೇ ಉಳಿದದ್ದೂ ಉಂಟು.

ಇನ್ನೊಂದು ಕೆಲಸಕ್ಕೆ ವಾದ್ಯವೇ ಬೇಡ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ ವರ್ಣದೊಳಗೆ ಬರುವ ಸ್ವರಗಳ ಸಾಲಾದ ಚಿಟ್ಟೆಸ್ವರವನ್ನು ತಾಳ ಹಾಕುತ್ತಾ ಎರಡನೇ ಕಾಲದಲ್ಲಿ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಬಾಯಿ ತಡವರಿಸುವ ಜಾಗದಲ್ಲೇ ಕೈಯೂ ತಡವರಿಸುತ್ತದೆ. ಇದು ನಮ್ಮ ಮೇಡಂ ದಿನಾ ಹೇಳುವ ಮಾತು, ನನ್ನ ಮಟ್ಟಿಗೆ ನೂರಕ್ಕೆ ನೂರು ನಿಜವಾಯಿತು.

ಭುಜ ಬಿಗಿಯಾದರೆ ತಕ್ಷಣ ಕಮಾನು ಕೆಳಗಿಡುತ್ತೇನೆ. ನೋವು ತಿಂದುಕೊಂಡು ನುಡಿಸಿದರೆ ಕೈ ಬಿಗಿತವನ್ನೇ ಕಲಿಯುತ್ತದೆ. ಐದು ನಿಮಿಷ ಕೈ ಸಡಿಲ ಬಿಟ್ಟು ಸ್ವರ ಹಾಡಿಕೊಂಡರೂ ಅದು ಅಭ್ಯಾಸವೇ ಅಲ್ವಾ?

ಮಳೆಗಾಲ ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಎಲ್ಲರ ಜೊತೆ ಮೋಹನ ವರ್ಣವನ್ನು ಎರಡನೇ ಕಾಲದಲ್ಲಿ ನುಡಿಸಿದೆ. ಮೇಡಂ ತಾಳ ನಿಲ್ಲಿಸಲಿಲ್ಲ, ಹಾಗೇ ಚರಣಕ್ಕೆ ಹೋದರು. ನನಗೆ ಆದ ಸಂತೋಷ ಹೇಳತೀರದು. ಮುಂದಿನ ವಾರವೇ ಭೈರವಿಯ ಅಟ್ಟತಾಳ ವರ್ಣ ಶುರುವಾಯಿತು. ಹದಿನಾಲ್ಕು ಅಕ್ಷರದ ತಾಳ, ಸ್ವರ ಏರುವ ಆರೋಹಣಕ್ಕೆ ಚತುಶ್ರುತಿ ಧೈವತ (ಎತ್ತರದ ಧ), ಇಳಿಯುವ ಅವರೋಹಣಕ್ಕೆ ಶುದ್ಧ ಧೈವತ (ತಗ್ಗಿನ ಧ). ಸದ್ಯಕ್ಕೆ ಬೆಳಗಿನ ಹೊತ್ತಿನ ಹೆಚ್ಚಿನ ಪಾಲು ಆ ಎರಡು ಧೈವತಗಳಿಗೇ ಹೋಗುತ್ತಿದೆ.