ಬಟ್ಟೆಗೆ ಯಾವ ಅಲಗು, ಯಾವ ಶಾಯಿ? ಕಂಪ್ಯೂಟರ್ ನಿಯಂತ್ರಿತ ವಿಧಾನಗಳನ್ನು ಹೋಲಿಸಿ ಆರಿಸುವ ಬಗೆ

ಬಟ್ಟೆ ಕತ್ತರಿಸುವ ಮತ್ತು ಮುದ್ರಿಸುವ ಯಂತ್ರಗಳನ್ನು ಹೋಲಿಸಲು ಹೊರಟವರು ಸಾಮಾನ್ಯವಾಗಿ ವೇಗ, ಬೆಲೆ, ಮೇಜಿನ ಅಗಲ ಇವುಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳುತ್ತಾರೆ. ಆದರೆ ಲೇಸರ್ ಬೇಕೋ ಅಲಗು ಬೇಕೋ, ಯಾವ ಶಾಯಿ ನಿಲ್ಲುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಬಟ್ಟೆಯ ನಾರು. ಹಾಗಾಗಿ ಹೋಲಿಕೆಯನ್ನು ಯಂತ್ರದಿಂದಲ್ಲ, ಕೈಯಲ್ಲಿರುವ ಬಟ್ಟೆಯಿಂದಲೇ ಆರಂಭಿಸಬೇಕು.

ನಾರು ಯಾವುದೆಂದು ಖಚಿತವಿಲ್ಲದಿದ್ದರೆ ಕೆಲವು ಎಳೆಗಳನ್ನು ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಗಾಳಿಯಾಡುವ ಜಾಗದಲ್ಲಿ ಲೋಹದ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೃದುವಾದ ಬೂದಿಯಾಗುತ್ತದೆ. ಉಣ್ಣೆ ಮತ್ತು ರೇಷ್ಮೆಯಿಂದ ಕೂದಲು ಸುಟ್ಟ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರ ನೂಲಿನಲ್ಲಿ ಈ ಲಕ್ಷಣಗಳು ಬೆರೆತಿರುವುದರಿಂದ, ಅಲ್ಲಿ ತಯಾರಕರ ವಿವರಪತ್ರವನ್ನು ಕೇಳಿ ಪಡೆಯುವುದೇ ಸರಿ.

ಕತ್ತರಿಸುವ ವಿಧಾನಗಳಲ್ಲಿ ಅಲಗಿನದು ಎಲ್ಲ ನಾರಿಗೂ ಹೊಂದುವಂಥದು. ಒಂದೇ ಪದರವಾದರೆ ಉರುಳುವ ಚಕ್ರದ ಅಲಗು ಸಾಕು. ಸ್ಥಿರವಾದ ಅಲಗು ಬಟ್ಟೆಯನ್ನು ಎಳೆದು ಸುಕ್ಕಾಗಿಸುವ ಸಂಭವ ಹೆಚ್ಚು. ಹತ್ತಾರು ಪದರಗಳ ಅಡಕಲಿಗೆ ಮೇಲೆಕೆಳಗೆ ಚಲಿಸುವ ಅಲಗು ಬೇಕು. ಅಂಥ ಯಂತ್ರದಲ್ಲಿ ಅಡಕಲಿನ ಕೆಳಗೆ ಗಾಳಿಯಾಡುವ ಕಾಗದವನ್ನೂ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಹಾಸಿ, ಬ್ರಷ್ಷಿನ ಕೂದಲಿನಂಥ ಮೇಜಿನ ಮೂಲಕ ಗಾಳಿಯನ್ನು ಹೀರಿ, ಪದರಗಳನ್ನು ಬಿಗಿಯಾಗಿ ಒತ್ತಿಹಿಡಿಯಲಾಗುತ್ತದೆ. ಇದರ ದೌರ್ಬಲ್ಯ ತಿರುವುಗಳಲ್ಲಿ ತೋರುತ್ತದೆ: ಅಲಗು ಬಾಗಿದಾಗ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಅಳತೆಯ ವ್ಯತ್ಯಾಸ ಬರುತ್ತದೆ. ಆದ್ದರಿಂದ ಮೊದಲ ಅಡಕಲಿನ ಮೇಲಿನ ಮತ್ತು ಕೆಳಗಿನ ತುಂಡುಗಳನ್ನು ಒಂದರ ಮೇಲೊಂದಿಟ್ಟು, ಕುತ್ತಿಗೆ ಮತ್ತು ಕಂಕುಳಿನ ತಿರುವುಗಳನ್ನು ಹೋಲಿಸದೆ ಮುಂದುವರಿಯಬೇಡಿ. ಹಿಗ್ಗುವ ಹೆಣೆದ ಬಟ್ಟೆಯಾದರೆ, ಸುರುಳಿಯಿಂದ ಬಿಚ್ಚಿದ ಮೇಲೆ ಅದು ತನ್ನ ಸಹಜ ಅಳತೆಗೆ ಮರಳಲು ಒಂದು ದಿನದಷ್ಟು ಬಿಡುವು ಕೊಟ್ಟು ಆಮೇಲೆ ಕತ್ತರಿಸುವುದು ಒಳಿತು.

ಲೇಸರ್ ಬಟ್ಟೆಯನ್ನು ಮುಟ್ಟುವುದಿಲ್ಲ, ಹಾಗಾಗಿ ಎಳೆಯುವುದೂ ಇಲ್ಲ. ಸೂಕ್ಷ್ಮ ಚಿತ್ತಾರಗಳಲ್ಲಿ ಅದಕ್ಕೆ ಸಾಟಿಯಾದುದು ಅಪರೂಪ. ಇಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ 10.6 ಮೈಕ್ರೊಮೀಟರ್ ತರಂಗದೂರದ ಕಾರ್ಬನ್ ಡೈಆಕ್ಸೈಡ್ ಲೇಸರ್. ಪಾಲಿಯೆಸ್ಟರ್ ಮತ್ತು ನೈಲಾನಿನ ಅಂಚನ್ನು ಅದು ಕರಗಿಸಿ ಬೆಸೆಯುವುದರಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ. ಅದೇ ಗುಣ ಅಡಕಲಿನಲ್ಲಿ ದೋಷವಾಗಿ, ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹತ್ತಿಯ ಅಂಚು ಕಂದಾಗಿ ಸುಟ್ಟ ವಾಸನೆ ಉಳಿಯುತ್ತದೆ. ಹೊಲಿಗೆಯೊಳಗೆ ಅಡಗುವ ಅಂಚಾದರೆ ಇದನ್ನು ಸಹಿಸಬಹುದು, ಬಿಳಿ ಬಟ್ಟೆಯ ತೆರೆದ ಅಂಚಿಗೆ ಸಲ್ಲದು. ಪಿವಿಸಿ ಲೇಪನವಿರುವ ಬಟ್ಟೆಯನ್ನಂತೂ ಎಂದಿಗೂ ಲೇಸರಿಗೆ ಒಡ್ಡಬಾರದು. ಅದರಿಂದ ಹೊಮ್ಮುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶಕ್ಕೆ ಅಪಾಯಕಾರಿ, ಯಂತ್ರದ ಲೋಹವನ್ನೂ ತಿನ್ನುತ್ತದೆ. ಹೊಗೆ ಹೊರಹಾಕುವ ವ್ಯವಸ್ಥೆ ಮತ್ತು ಪಕ್ಕದಲ್ಲೇ ನಿಂತು ಗಮನಿಸುವ ಮನುಷ್ಯ, ಇವೆರಡೂ ಇಲ್ಲದೆ ಲೇಸರ್ ನಡೆಸುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಕೃತಕ ನಾರಿನ ಪಟ್ಟಿಗಳ ಅಂಚು ಮುಚ್ಚುವುದಷ್ಟೇ ಕೆಲಸವಾದರೆ, ಶ್ರವಣಾತೀತ ಕಂಪನದ ಅಲಗು ಲೇಸರಿಗಿಂತ ಸರಳವಾದ ಆಯ್ಕೆ.

ಮುದ್ರಣದಲ್ಲಿ ನಾರಿನ ಮಾತು ಇನ್ನಷ್ಟು ಕಟ್ಟುನಿಟ್ಟು. ಸಬ್ಲಿಮೇಷನ್ ವಿಧಾನದಲ್ಲಿ ಕಾಗದದ ಮೇಲಿನ ಬಣ್ಣವು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧದಿಂದ ಒಂದು ನಿಮಿಷದೊಳಗೆ ಆವಿಯಾಗಿ ಪಾಲಿಯೆಸ್ಟರಿನ ಒಳಕ್ಕೆ ಇಳಿಯುತ್ತದೆ. ಬಟ್ಟೆ ಮೊದಲಿನಷ್ಟೇ ಮೃದುವಾಗಿರುತ್ತದೆ, ಬಣ್ಣ ಒಗೆತಕ್ಕೆ ಜಗ್ಗುವುದಿಲ್ಲ. ಆದರೆ ಇದರಲ್ಲಿ ಬಿಳಿ ಶಾಯಿಯಿಲ್ಲದ ಕಾರಣ ಗಾಢ ಬಣ್ಣದ ಬಟ್ಟೆಗೆ ಹೊಂದದು, ಹತ್ತಿಯಲ್ಲಿ ನಿಲ್ಲದು. ಕಾಗದದ ಮೇಲೆ ಮಂಕಾಗಿ ಕಾಣುವ ಬಣ್ಣ ಒತ್ತಿದ ಮೇಲೆಯೇ ಅರಳುವುದರಿಂದ, ಅದಕ್ಕೂ ಮೊದಲೇ ತಿದ್ದಲು ಹೋಗಬಾರದು.

ಹತ್ತಿಗೆ ಮತ್ತು ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸಿಗೆ, ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆಯುವ ರಿಯಾಕ್ಟಿವ್ ಶಾಯಿ ಉತ್ತಮ, ಶ್ರಮ ಮಾತ್ರ ಹೆಚ್ಚು. ಬಟ್ಟೆಗೆ ಮೊದಲು ಕ್ಷಾರ, ಯೂರಿಯಾ ಮತ್ತು ದಪ್ಪಕಾರಕವನ್ನು ಉಣಿಸಿ ಒಣಗಿಸಬೇಕು. ಮುದ್ರಿಸಿದ ಮೇಲೆ ಸುಮಾರು 102 ಡಿಗ್ರಿ ಹಬೆಯಲ್ಲಿ ಎಂಟು-ಹತ್ತು ನಿಮಿಷ ಇರಿಸಿ, ನಾರಿಗೆ ಅಂಟದ ಬಣ್ಣ ಹೋಗುವವರೆಗೆ ತೊಳೆಯಬೇಕು. ಉಣ್ಣೆ ಮತ್ತು ನೈಲಾನಿಗೆ ಆಸಿಡ್ ಶಾಯಿ ಒಗ್ಗುತ್ತದೆ, ರೇಷ್ಮೆಗೆ ಆಸಿಡ್, ರಿಯಾಕ್ಟಿವ್ ಎರಡೂ ಒಗ್ಗುತ್ತವೆ. ಪಿಗ್ಮೆಂಟ್ ಶಾಯಿ ಬಹುತೇಕ ಎಲ್ಲ ನಾರಿಗೂ ಆಗುತ್ತದೆ. ಬಿಸಿಯಿಂದ ಗಟ್ಟಿಗೊಳಿಸಿದರೆ ಸಾಕು, ತೊಳೆಯುವ ನೀರು ಉಳಿತಾಯವಾಗುತ್ತದೆ. ಬಣ್ಣ ಅಂಟಿನ ಬಲದಿಂದ ಮೇಲ್ಮೈಯಲ್ಲೇ ನಿಲ್ಲುವುದರಿಂದ ಬಟ್ಟೆ ತುಸು ಬಿರುಸಾಗುತ್ತದೆ, ಒದ್ದೆ ಉಜ್ಜುವಿಕೆಗೆ ಬಣ್ಣ ಬೇಗ ಸೋಲುತ್ತದೆ. ಹೊಲಿದ ಉಡುಪಿನ ಮೇಲೆ ನೇರವಾಗಿ ಮುದ್ರಿಸುವ ಯಂತ್ರಗಳಲ್ಲೂ ಸಾಮಾನ್ಯವಾಗಿ ಇದೇ ಜಾತಿಯ ಶಾಯಿಯಿದ್ದು, ಗಾಢ ಬಟ್ಟೆಗೆ ಅಡಿಯಲ್ಲಿ ಬಿಳಿಯ ಪದರ ಬೇಕಾಗುತ್ತದೆ.

ಕತ್ತರಿಸುವುದನ್ನೂ ಮುದ್ರಿಸುವುದನ್ನೂ ಪ್ರತ್ಯೇಕವಾಗಿ ಆರಿಸಿದಾಗಲೇ ಬಹುಪಾಲು ನಷ್ಟವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಬಿಸಿ, ಹಬೆ, ಒಗೆತಗಳು ಬಟ್ಟೆಯನ್ನು ಕುಗ್ಗಿಸುತ್ತವೆ. ಹಾಸಿನಲ್ಲಿ, ಅಂದರೆ ಉದ್ದದ ಎಳೆಗಳಲ್ಲಿ, ಒಂದು ಪ್ರಮಾಣ, ಹೊಕ್ಕಿನಲ್ಲಿ, ಅಂದರೆ ಅಡ್ಡ ಎಳೆಗಳಲ್ಲಿ, ಇನ್ನೊಂದು. ಆದ್ದರಿಂದ ಅದೇ ಸುರುಳಿಯ ತುಂಡೊಂದರಲ್ಲಿ ಎರಡೂ ದಿಕ್ಕಿಗೆ 500 ಮಿಲಿಮೀಟರ್ ಗುರುತು ಹಾಕಿ, ಮುದ್ರಣದ ಎಲ್ಲ ಹಂತಗಳನ್ನೂ ಮುಗಿಸಿ ಮತ್ತೆ ಅಳೆಯಿರಿ. ಹಾಸಿನ ದಿಕ್ಕಿನಲ್ಲಿ 485 ಉಳಿದಿದ್ದರೆ ಕುಗ್ಗಿದ್ದು ಶೇ 3. ಆದರೆ ವಿನ್ಯಾಸವನ್ನು ಶೇ 3ರಷ್ಟು ಹಿಗ್ಗಿಸಿದರೆ ಲೆಕ್ಕ ತಪ್ಪುತ್ತದೆ: 500ನ್ನು 485ರಿಂದ ಭಾಗಿಸಿ, ಬರುವ 1.031ರಿಂದ ಗುಣಿಸಬೇಕು. ಒಂದೂವರೆ ಮೀಟರಿನ ತುಂಡಿನಲ್ಲಿ ಈ ತಪ್ಪು ಒಂದು ಮಿಲಿಮೀಟರಿಗಿಂತ ಹೆಚ್ಚಾಗಿ, ಹೊಲಿಗೆಯಲ್ಲಿ ಗೆರೆಗಳು ಕೂಡದಂತೆ ಮಾಡೀತು. ಹೀಗೆ ತಿದ್ದಿದ ಮೇಲೂ, ಸುರುಳಿಯನ್ನು ಮೊದಲು ಮುದ್ರಿಸಿ, ಮುದ್ರಿತ ಗುರುತುಗಳನ್ನು ಕ್ಯಾಮೆರಾದಿಂದ ಓದಿ ಕತ್ತರಿಸುವ ಯಂತ್ರವನ್ನೇ ನಾನು ಸೂಚಿಸುತ್ತೇನೆ. ಬಣ್ಣವನ್ನು ಕತ್ತರಿಸುವ ಗೆರೆಯಾಚೆಗೆ ಕೆಲವು ಮಿಲಿಮೀಟರ್ ಚಾಚಿದರೆ ಬಿಳಿ ಅಂಚು ಇಣುಕುವುದಿಲ್ಲ.

ಕೊನೆಯ ಹೋಲಿಕೆ ಮಾದರಿಗಳ ನಡುವೆ ನಡೆಯಲಿ. ಬಣ್ಣದ ಗಟ್ಟಿತನ ಅಳೆಯುವ ಅಂತಾರಾಷ್ಟ್ರೀಯ ಮಾನಕಗಳಲ್ಲಿ ಐಎಸ್ಒ 105-ಎಕ್ಸ್12 ಒಣ ಮತ್ತು ಒದ್ದೆ ಉಜ್ಜುವಿಕೆಯ ಪರೀಕ್ಷೆ, ಐಎಸ್ಒ 105-ಸಿ06 ಒಗೆತದ್ದು. ಎರಡರಲ್ಲೂ ಬಣ್ಣ ಎಷ್ಟು ಮಾಸಿತು ಅಥವಾ ಬೇರೆ ಬಟ್ಟೆಗೆ ಹತ್ತಿತು ಎಂದು ಹೋಲಿಸುವ, 1ರಿಂದ 5ರವರೆಗಿನ ಬೂದು ಮಾಪಕದಲ್ಲಿ 5 ಅತ್ಯುತ್ತಮ. ಒಪ್ಪಿಗೆಯಾದ ಮಾದರಿಗೆ ಶಾಯಿ, ಬಿಸಿ, ಅವಧಿ, ಅಲಗು ಅಥವಾ ಲೇಸರಿನ ವೇಗವನ್ನು ಬರೆದ ಚೀಟಿ ಹೊಲಿದು ಕಾದಿರಿಸಿ. ಹೊಸ ಸುರುಳಿಗಳ ಸರಕು ಬಂದಾಗ 500 ಮಿಲಿಮೀಟರಿನ ಗುರುತನ್ನು ಮತ್ತೊಮ್ಮೆ ಹಾಕಿ ಅಳೆಯಿರಿ, ಏಕೆಂದರೆ ಒಂದೇ ಹೆಸರಿನ ಬಟ್ಟೆಯೂ ಪ್ರತಿ ಬಾರಿ ಒಂದೇ ಸಮನಾಗಿ ಕುಗ್ಗುವುದಿಲ್ಲ.