ಪುಟವಿನ್ಯಾಸದ ತಂತ್ರಾಂಶ ಬದಲಾಯಿಸುವವರು ಮೊದಲು ನೋಡಬೇಕಾದದ್ದು

ಹೊಸ ತಂತ್ರಾಂಶದ ಮೆನು, ಶಾರ್ಟ್‌ಕಟ್‌ಗಳು ಬಳಸುತ್ತ ಹೋದಂತೆ ತಾವಾಗಿ ಕೈಗೆ ಹತ್ತುತ್ತವೆ. ನಿಜವಾದ ತೊಡಕಿರುವುದು ಹಳೆಯ ಕಡತಗಳಲ್ಲಿ. ಅಡೋಬಿಯ ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಕಡತಗಳನ್ನು ಅಡೋಬಿಯದೇ ಹೊಸ ತಂತ್ರಾಂಶವಾದ ಇನ್‌ಡಿಸೈನ್‌ನ ಸಿಎಸ್6 ಆವೃತ್ತಿ ತೆರೆಯುತ್ತಿತ್ತು, ಅನಂತರದ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ. ಆದ್ದರಿಂದ ಹಳೆಯ ತಂತ್ರಾಂಶ ಇನ್ನೂ ಓಡುತ್ತಿರುವಾಗಲೇ, ಮರುಮುದ್ರಣಕ್ಕೆ ಬರಬಹುದಾದ ಪ್ರತಿಯೊಂದು ಕೆಲಸವನ್ನೂ ಫಾಂಟ್‌ಗಳನ್ನು ಅಡಕಗೊಳಿಸಿದ ಪಿಡಿಎಫ್ ಆಗಿ ಉಳಿಸಿಕೊಂಡು, ಪಠ್ಯವನ್ನೂ ಮೂಲ ಚಿತ್ರಗಳನ್ನೂ ಬೇರೆಯಾಗಿ ತೆಗೆದಿಡಬೇಕು. ಇನ್‌ಡಿಸೈನ್‌ನಿಂದ ಸ್ಕ್ರೈಬಸ್‌ಗೋ ಅಫಿನಿಟಿಗೋ ಹೋಗುವವರು ಬೇರೆ ತಂತ್ರಾಂಶಗಳೂ ಓದಬಲ್ಲ ಐಡಿಎಂಎಲ್ ರೂಪದಲ್ಲಿ ಕಡತವನ್ನು ಒಯ್ಯಬಹುದು. ಆದರೆ ಪುಟ ಇದ್ದಂತೆಯೇ ಬರುವುದೆಂದು ನಂಬಿ ಕೂರಬಾರದು.

ಕನ್ನಡದ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದು ಅಕ್ಷರಗಳೇ. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುವುದರಿಂದ, ಫಾಂಟ್ ಬದಲಿಸಿದೊಡನೆ ಪಠ್ಯವೆಲ್ಲ ಅರ್ಥವಿಲ್ಲದ ಗೀಚಾಗುತ್ತದೆ. ಮೊದಲು ಪಠ್ಯವನ್ನು ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಅನಂತರ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಕಾಣದ ಬೇರ್ಪಡಿಕೆಯ ಚಿಹ್ನೆ ಬಿಟ್ಟುಹೋದರೆ ‘ವ’ ಒತ್ತಾಗಿ ಕೆಳಗಿಳಿಯುತ್ತದೆ. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನೂ ಜೋಡಿಸಬಲ್ಲ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಎಂಬ ಆಯ್ಕೆಯನ್ನು ಆರಿಸದಿದ್ದರೆ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಅದನ್ನು ಮೂಲ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ನಿಗದಿಪಡಿಸಿ, ಉಳಿದ ಸ್ಟೈಲ್‌ಗಳನ್ನು ಅದರ ಮೇಲೆ ಕಟ್ಟುವುದು ಜಾಣತನ. ಕನ್ನಡ ಸರಿಯಾಗಿ ಕೂಡಿಕೊಳ್ಳಲು ಸ್ಕ್ರೈಬಸ್ ಬಳಸುವವರಿಗೆ 1.6 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ಫಾಂಟ್ ಬದಲಾದಾಗ ಅದೇ ಪಾಯಿಂಟ್ ಗಾತ್ರದಲ್ಲಿಯೂ ಅಕ್ಷರದ ಅಗಲ ಬೇರೆಯಾಗುವುದರಿಂದ ಪುಟಗಳ ಸಂಖ್ಯೆ ಹೆಚ್ಚುಕಡಿಮೆಯಾಗುತ್ತದೆ, ಹೀಗಾಗಿ ಪರಿವಿಡಿಯನ್ನು ಕೊನೆಯಲ್ಲಿಯೇ ಮಾಡಬೇಕು. ಸಾಲಿನ ಅಂತರವನ್ನು ‘ಆಟೋ’ಗೆ ಬಿಡದೆ, ಒತ್ತಕ್ಷರಗಳು ಕೆಳಸಾಲಿನ ಗುಡಿಸುಗಳಿಗೆ ತಾಗದಷ್ಟು ಅಂತರವನ್ನು ನಾವೇ ಕೊಡಬೇಕು.

ಇಷ್ಟಾದ ಮೇಲೆ, ಈಗಾಗಲೇ ಅಚ್ಚಾಗಿರುವ ಚಿಕ್ಕ ಕೆಲಸವೊಂದನ್ನು ಆರಿಸಿಕೊಂಡು, ಆಮದು ಮಾಡದೆ ಮಾಸ್ಟರ್ ಪೇಜ್‌ನಿಂದ (ಎಲ್ಲ ಪುಟಗಳಿಗೂ ಆಧಾರವಾದ ಮಾದರಿ ಪುಟದಿಂದ) ಮೊದಲುಗೊಂಡು ಹೊಸದಾಗಿ ಕಟ್ಟುವುದು ಒಳ್ಳೆಯದು. ಪರಿವರ್ತಿಸಿದ ಕಡತದಲ್ಲಿ ಹಳೆಯ ಅಡ್ಡದಾರಿಗಳೂ ಜೊತೆಗೇ ಬರುತ್ತವೆ, ಸ್ಪೇಸ್ ಒತ್ತಿ ಒತ್ತಿ ಸರಿಸಿದ ಸಾಲುಗಳನ್ನು ಯಾವ ತಂತ್ರಾಂಶವೂ ತಿದ್ದಿಕೊಡುವುದಿಲ್ಲ. ಕಟ್ಟಿದ ಪುಟದ ಪ್ರಿಂಟನ್ನು ಹಳೆಯ ಪುಟದ ಮೇಲಿಟ್ಟು ಬೆಳಕಿಗೆ ಹಿಡಿದರೆ ಅಂಚು, ಅಂಕಣಗಳ ವ್ಯತ್ಯಾಸ ಕೂಡಲೇ ಕಾಣುತ್ತದೆ.

ಮುದ್ರಣಾಲಯಕ್ಕೆ, ಮುದ್ರಣಕ್ಕೆಂದೇ ಇರುವ ಪಿಡಿಎಫ್ ಮಾನದಂಡಗಳಲ್ಲಿ, ಪಿಡಿಎಫ್/ಎಕ್ಸ್-1ಎ ಬೇಕೋ ಎಕ್ಸ್-4 ಬೇಕೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು: ಮೊದಲನೆಯದರಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಆರ್‌ಜಿಬಿ (ತೆರೆಗಾಗಿ ಕೆಂಪು, ಹಸಿರು, ನೀಲಿ ಬೆರೆಸಿದ) ಬಣ್ಣಕ್ಕೂ ಅವಕಾಶವಿಲ್ಲ. ಬ್ಲೀಡ್, ಅಂದರೆ ಕತ್ತರಿಸುವ ಅಂಚಿನಾಚೆಗೂ ಚಾಚುವ ಮುದ್ರಣ, ಸಾಮಾನ್ಯವಾಗಿ 3 ಮಿ.ಮೀ. ಕಳುಹಿಸುವ ಮುನ್ನ ಬಣ್ಣಗಳ ಪ್ಲೇಟ್‌ಗಳನ್ನು ಒಂದೊಂದಾಗಿ ತೆರೆಯ ಮೇಲೆ ತೆರೆದು, ಪಠ್ಯದ ಕಪ್ಪು ಬಣ್ಣ ಕಪ್ಪು ಪ್ಲೇಟಿನಲ್ಲಿ ಮಾತ್ರ ಇದೆಯೇ ಎಂದು ನೋಡಬೇಕು. ಆರ್‌ಜಿಬಿಯಿಂದ ಬಂದ ಕಪ್ಪು ನಾಲ್ಕೂ ಶಾಯಿಗಳಿಗೆ ಹಂಚಿಹೋಗಿದ್ದರೆ, ಪ್ಲೇಟ್‌ಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರಗಳ ಸುತ್ತ ಬಣ್ಣದ ನೆರಳು ಕಾಣುತ್ತದೆ.