ಹಿತ್ತಿಲಿನ ಒಂದು ಮೂಲೆಗೆ ಹಿಡಿಸೂಡಿ ತಾಗಿಸಬೇಡಿ

ಕಾಡುಜೀವಿಗಳನ್ನು ನೋಡಬೇಕು ಅಂದ ಕೂಡಲೇ ನಮ್ಮವರು ಆಗುಂಬೆ, ಕುದುರೆಮುಖಕ್ಕೆ ಗಾಡಿ ತಿರುಗಿಸುತ್ತಾರೆ. ಅಷ್ಟು ದೂರ ಯಾಕೆ? ವಿಜ್ಞಾನಕ್ಕೆ ಹೊಸತಾದ ಒಂದು ಕಪ್ಪೆಯ ಸುದ್ದಿ 2016ರಲ್ಲಿ ಬಂತು. ಅದು ಸಿಕ್ಕಿದ್ದು ಮಣಿಪಾಲದ ಸುತ್ತಲಿನ ಮುರಕಲ್ಲಿನ ನೆಲದಲ್ಲಿ. ಹೆಸರು ಮೈಕ್ರೊಹೈಲಾ ಲ್ಯಾಟರೈಟ್. ಉದ್ದ ಬರೀ 1.6 ಸೆಂಟಿಮೀಟರ್. ಕೂಗಿದರೆ ಯಾವುದೋ ಹುಳ ಕಿರುಗುಟ್ಟುತ್ತಿದೆ ಅಂತಲೇ ಅನ್ನಿಸುತ್ತದೆ. ಎರಡು ವರ್ಷ ಕಳೆದು ಮಂಗಳೂರಿನಲ್ಲಿ ಇನ್ನೊಂದು ಪುಟ್ಟ ಕಪ್ಪೆ ಪತ್ತೆಯಾಯಿತು, ಅದೂ ಕೈಗಾರಿಕಾ ಪ್ರದೇಶದಲ್ಲಿ. ಅದಕ್ಕೆ ಊರಿನ ಕೊಂಕಣಿ ಹೆಸರನ್ನೇ ಸೇರಿಸಿ ಮೈಕ್ರೊಹೈಲಾ ಕೊಡಿಯಾಲ್ ಅಂತ ಕರೆದರು.

ಹೀಗಾಗಿ ಐದು ಸೆಂಟ್ಸ್ ಜಾಗ ಇದ್ದವರಿಗೂ ತಮ್ಮ ಹಿತ್ತಿಲಲ್ಲೇ ಕಾಡುಜೀವಿಗಳನ್ನು ನೋಡುವುದು ಸಾಧ್ಯ. ಖರ್ಚು ಹೆಚ್ಚಿಲ್ಲ. ಕೆಲವು ಕೆಲಸ ಮಾಡಬೇಕು. ಕೆಲವನ್ನು, ಬೇಕೆಂದೇ, ಮಾಡದೆ ಬಿಡಬೇಕು. ಎರಡನೆಯದೇ ನಮಗೆ ಕಷ್ಟ.

ಮೊದಲು ಮೂಲೆ ಆರಿಸಿ

ನಮ್ಮ ಕಡೆ ಬೆಳಗಾದರೆ ಅಂಗಳ ಗುಡಿಸಲೇಬೇಕು. ತರಗೆಲೆ ಬಿದ್ದಿದ್ದರೆ ಪಕ್ಕದ ಮನೆಯವರು, "ಎಂತ ಮಾರಾಯ್ರೆ, ಊರಲ್ಲಿ ಇರ್ಲಿಲ್ವಾ?" ಅಂತ ಕೇಳುತ್ತಾರೆ. ಅಂಗಳ ಗುಡಿಸಿ, ತೊಂದರೆ ಇಲ್ಲ. ಹಿತ್ತಿಲಲ್ಲಿ ಪಾಗಾರಕ್ಕೆ ತಾಗಿದ ಒಂದು ಮೂಲೆಯನ್ನು ಮಾತ್ರ ಬಿಟ್ಟುಬಿಡಿ. ಹತ್ತಡಿ ಉದ್ದ, ಆರಡಿ ಅಗಲ ಸಿಕ್ಕರೂ ಸಾಕು. ಮನೆ ಬಾಗಿಲಿನಿಂದ ಆದಷ್ಟು ದೂರ ಇರಲಿ. ಕಾರಣ ಮುಂದೆ ಹೇಳುತ್ತೇನೆ.

ಅಲ್ಲಿಗೆ ಗುಡಿಸಿದ ತರಗೆಲೆ, ಒಣಗಿದ ಕೊತ್ತಳಿಗೆ, ಒಂದೆರಡು ಕೊಳೆಯುವ ಮರದ ತುಂಡು ಹಾಕಿ. ಬೆಂಕಿ ಕೊಡಬೇಡಿ. ತರಗೆಲೆಯಡಿ ತಂಪು ನಿಲ್ಲುತ್ತದೆ. ಎರೆಹುಳ, ಚೋರಟೆ, ಜೇಡ ಸೇರುತ್ತವೆ. ಅವನ್ನು ತಿನ್ನಲು ಕಪ್ಪೆ, ಅರಣೆ, ಮಡಿವಾಳ ಹಕ್ಕಿ ಬರುತ್ತವೆ. ಒಣಮರಕ್ಕೆ ದೊಡ್ಡ ಕಪ್ಪು ದುಂಬಿ ತೂತು ಕೊರೆದು ಗೂಡು ಮಾಡುತ್ತದೆ. ಮಳೆ ಶುರುವಾದ ಮೇಲೆ ಅಲ್ಲಿ ತುಂಬೆ, ತಜಂಕ್ ತಾವಾಗಿಯೇ ಏಳುತ್ತವೆ. ಆಟಿಯಲ್ಲಿ ನೀವು ಪಲ್ಯಕ್ಕೆ ಕೊಯ್ಯುವ ತಜಂಕ್ ಇದೆಯಲ್ಲ, ಸಣ್ಣ ಹಳದಿ ಚಿಟ್ಟೆಗಳು ಮೊಟ್ಟೆ ಇಡುವುದು ಅದರ ಮೇಲೆಯೇ. ಅರ್ಧ ನಿಮಗೆ, ಅರ್ಧ ಅವಕ್ಕೆ.

ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿಬಿಟ್ಟ ಮನೆಗಳಲ್ಲಿ ಈ ಮೂಲೆಯೂ ಉಳಿದಿಲ್ಲ. ಕೆಸರು ಬೇಡ ಅನ್ನುವುದು ಅರ್ಥವಾಗುತ್ತದೆ. ಆದರೆ ಗೇಟಿನಿಂದ ಬಾಗಿಲವರೆಗೆ ಹಾಸಿದರೆ ಸಾಲದೇ? ನಾಗಬನಕ್ಕೂ ಕಾಂಕ್ರೀಟು, ಟೈಲ್ಸು ಬಂದಿರುವ ಕಾಲ ಇದು. ಹಿರಿಯರು ಕತ್ತಿ ತಾಗಿಸದೆ ಉಳಿಸಿದ್ದು ಬನವನ್ನು. ನಾಗನ ಕಲ್ಲಿನ ಸುತ್ತ ಮರ, ಬಳ್ಳಿ, ತರಗೆಲೆ ಎಲ್ಲ ಇದ್ದದ್ದಕ್ಕೇ ಅದು ಬನ.

ಹೂವಿಗಿಂತ ಮೊದಲು ಎಲೆ

ಚಿಟ್ಟೆ ಬೇಕು ಅಂತ ಹೆಚ್ಚಿನವರು ಹೂವಿನ ಗಿಡ ತರುತ್ತಾರೆ. ಹೂವಿದ್ದರೆ ಚಿಟ್ಟೆ ಬರುತ್ತದೆ, ಕುಡಿಯುತ್ತದೆ, ಹೋಗುತ್ತದೆ. ನಿಮ್ಮಲ್ಲೇ ಉಳಿಯಬೇಕಾದರೆ ಮೊಟ್ಟೆ ಇಡಲು ಗಿಡ ಬೇಕು. ಚಿಟ್ಟೆಯ ಹುಳ ಕಂಡ ಕಂಡ ಎಲೆ ತಿನ್ನುವುದಿಲ್ಲ. ಒಂದೊಂದು ಜಾತಿಗೆ ಒಂದೊಂದು ಬಗೆಯ ಗಿಡವೇ ಆಗಬೇಕು.

ಇದನ್ನು ಕಲಿಯಲು ಬೇವಿನಸೊಪ್ಪಿನ (ಕರಿಬೇವಿನ) ಗಿಡದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಒಗ್ಗರಣೆಗೆ ಸೊಪ್ಪು ಕೀಳುವಾಗ ಎಳೆ ಎಲೆಯ ಮೇಲೆ ಸಾಸಿವೆ ಗಾತ್ರದ ತಿಳಿಹಳದಿ ಮುತ್ತು ಕಂಡರೆ ಆ ಕಡ್ಡಿ ಬಿಡಿ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮೊಟ್ಟೆ. ಹೊರಬಂದ ಹುಳ ಮೊದಮೊದಲು ಕಂದು ಬಿಳಿ ಮಚ್ಚೆಯ ಹಕ್ಕಿ ಹಿಕ್ಕೆಯಂತೆಯೇ ಕಾಣುತ್ತದೆ. ಯಾವ ಹಕ್ಕಿ ತಾನೇ ಅದಕ್ಕೆ ಬಾಯಿ ಹಾಕುತ್ತದೆ? ಬೆಳೆದ ಮೇಲೆ ಪೊರೆ ಕಳಚಿ ಎಲೆಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಮಕ್ಕಳಿಗೆ ಒಂದು ಸಲ ತೋರಿಸಿ. ಪದೇ ಪದೇ ಮುಟ್ಟಬೇಡಿ, ಅದಕ್ಕೆ ಸುಸ್ತಾಗುತ್ತದೆ.

ಒಂದು ದಿನ ಹುಳ ಕಾಣೆಯಾಗುತ್ತದೆ. ಹಕ್ಕಿ ತಿಂದಿತು ಅಂದುಕೊಳ್ಳುವ ಮೊದಲು ಆಚೀಚೆ ಹುಡುಕಿ. ಕೋಶ ಕಟ್ಟಲು ಅದು ಗಿಡ ಬಿಟ್ಟು ಪಕ್ಕದ ಕಡ್ಡಿಗೋ ಗೋಡೆಗೋ ಹೋಗುವುದುಂಟು. ಸೊಂಟಕ್ಕೆ ಒಂದು ರೇಷ್ಮೆ ನೂಲು ಬಿಗಿದು ಒರಗಿ ನಿಂತಿರುತ್ತದೆ. ಹಸಿರು ಜಾಗದಲ್ಲಿ ಹಸಿರು, ಒಣಗಿದ ಜಾಗದಲ್ಲಿ ಕಂದು. ಮೊಟ್ಟೆಯಿಂದ ಚಿಟ್ಟೆಯಾಗಲು ಹೆಚ್ಚು ಕಡಿಮೆ ಒಂದು ತಿಂಗಳು. ಬೇವಿನಸೊಪ್ಪಿನ ಗಿಡ ಬೋಳಾಯಿತು ಅಂತ ಬೇಸರ ಬೇಡ, ಮಳೆಗಾಲದಲ್ಲಿ ಮತ್ತೆ ಚಿಗುರುತ್ತದೆ. ಎರಡು ಗಿಡ ನೆಟ್ಟರೆ ಅಡುಗೆಮನೆಯ ತಕರಾರೂ ಇರುವುದಿಲ್ಲ.

ಇದೇ ರೀತಿ ಲಿಂಬೆ, ಬಿಲ್ವಕ್ಕೆ ಲೈಮ್ ಚಿಟ್ಟೆ ಬರುತ್ತದೆ. ಸಂಪಿಗೆ, ಸೀತಾಫಲಕ್ಕೆ ಹಸಿರು ಚುಕ್ಕೆಯ ಟೇಲ್ಡ್ ಜೇ. ಎಕ್ಕಕ್ಕೆ ಪ್ಲೇನ್ ಟೈಗರ್. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಮುಟ್ಟಿದರೆ ಕೈ ತೊಳೆಯಿರಿ. ಮಾವು, ಗೇರಿನ ಎಲೆಯಲ್ಲಿ ಕಾಮನ್ ಬ್ಯಾರನ್ ಹುಳ ಇದ್ದರೂ ಸುಲಭಕ್ಕೆ ಕಾಣದು. ಎಲೆಯ ನಡುನರದ ಮೇಲೆ ಉದ್ದಕ್ಕೆ ಮಲಗುತ್ತದೆ. ಅದರ ಬೆನ್ನಿನ ಹಳದಿ ಗೆರೆ ಆ ನರಕ್ಕೆ ಸರಿಯಾಗಿ ಕೂಡಿಕೊಳ್ಳುತ್ತದೆ.

ಒಂದೇ ಒಂದು ಗಿಡ ನೆಡುವುದಾದರೆ ನಾನು ಹೇಳುವುದು ಈಶ್ವರಿ ಬಳ್ಳಿ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎರಡಕ್ಕೂ ಅದು ಬೇಕು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೂ ಅದೇ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲ, ಕಪ್ಪು ಮತ್ತು ಹಳದಿ. ಘಟ್ಟದ ಬುಡದಲ್ಲಿ, ಕಾರ್ಕಳ, ಹೆಬ್ರಿ ಕಡೆ ಮನೆ ಇದ್ದವರಿಗೆ ಇದು ಬರುವ ಸಾಧ್ಯತೆ ಜಾಸ್ತಿ. ಯಾವ ಗಿಡಕ್ಕೆ ಯಾವ ಚಿಟ್ಟೆ ಅಂತ ಕಣ್ಣಾರೆ ನೋಡಬೇಕಿದ್ದರೆ ಮೂಡುಬಿದಿರೆ ಹತ್ತಿರ ಬೆಳುವಾಯಿಯಲ್ಲಿ ಚಿಟ್ಟೆ ಪಾರ್ಕ್ ಇದೆ. ಫೋನ್ ಮಾಡಿ ಹೋಗಿ.

ಕುಡಿಯುವುದಕ್ಕೆ ಕೇಪಳ, ರಥಪುಷ್ಪ, ದಾಸವಾಳ ಇದ್ದರೆ ಧಾರಾಳವಾಯಿತು. ದಾಸವಾಳ ಒಂಟಿ ಎಸಳಿನದೇ ಇರಲಿ. ಹಲವು ಸುತ್ತಿನ ಎಸಳಿದ್ದರೆ ಮಕರಂದಕ್ಕೆ ಬಾಯಿ ಹಾಕುವುದು ಕಷ್ಟ.

ಮದ್ದು ಬಿಡುವ ವಿಷಯ. ಹುಳ ಬೇಕು, ಮದ್ದೂ ಬೇಕು ಅಂದರೆ ಆಗುವುದಿಲ್ಲ. "ಬೇವಿನೆಣ್ಣೆ ನೈಸರ್ಗಿಕ ಅಲ್ವಾ" ಅನ್ನುತ್ತಾರೆ. ನೈಸರ್ಗಿಕವೇ ಸರಿ, ಆದರೆ ಹುಳ ಪೊರೆ ಕಳಚುವುದನ್ನೇ ಅದು ಕೆಡಿಸುತ್ತದೆ. ಮಲ್ಲಿಗೆ ಬೆಳೆಸಿ ಮಾರುವವರಿಗೆ ಮದ್ದು ಬೇಡ ಅನ್ನಲು ನನಗೆ ಬಾಯಿ ಬಾರದು, ಅದು ಹೊಟ್ಟೆಪಾಡು. ಚಿಟ್ಟೆ ಗಿಡಗಳನ್ನು ಮಲ್ಲಿಗೆ ಗಿಡದಿಂದ ದೂರ, ಮನೆಯ ಇನ್ನೊಂದು ಬದಿಗೆ ನೆಡಿ. ನರ್ಸರಿ ಗಿಡಕ್ಕೂ ಮದ್ದು ಬಿಟ್ಟಿರಬಹುದು. ನೆಟ್ಟು ಹೊಸ ಚಿಗುರು ಬಂದ ಮೇಲೆ ನಂಬಿ.

ನೀರು ಇಡಿ, ಸೊಳ್ಳೆ ಸಾಕಬೇಡಿ

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ನೀರಿಡಿ ಅಂದರೆ ನಗುವವರಿದ್ದಾರೆ. ಮಾರ್ಚ್‌ನಿಂದ ಮೇ ತನಕ ಬಾವಿಯ ತಳ ಕಾಣುವುದು ಅವರಿಗೂ ಗೊತ್ತು.

ಮಣ್ಣಿನ ಅಗಲ ತಟ್ಟೆ ಸಾಕು. ಆಳ ಎರಡು ಇಂಚು ದಾಟುವುದು ಬೇಡ. ನಡುವೆ ಒಂದು ಕಲ್ಲಿಡಿ. ಜೇನ್ನೊಣ, ಸಣ್ಣ ಹಕ್ಕಿ ಅದರ ಮೇಲೆ ಕೂತು ಕುಡಿಯುತ್ತವೆ. ನೆರಳಿರಲಿ, ಆದರೆ ಬೆಕ್ಕು ಅಡಗಿ ಕೂರುವಂಥ ಪೊದೆಯ ಪಕ್ಕದಲ್ಲಿ ಬೇಡ.

ಮಲೇರಿಯಾ, ಡೆಂಗಿ ಎರಡೂ ನಮ್ಮ ಕರಾವಳಿಗೆ ಹೊಸತಲ್ಲ. ಆದ್ದರಿಂದ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತಟ್ಟೆಯನ್ನು ನಾರಿನಿಂದ ತಿಕ್ಕಿ ತೊಳೆಯಿರಿ. ಸುಮ್ನೆ ಚೆಲ್ಲಿದರೆ ಸಾಲದು. ಡೆಂಗಿ ಸೊಳ್ಳೆಯ ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿಕೊಂಡು ಒಣಗಿದರೂ ಬದುಕಿರುತ್ತದೆ. ಮಳೆಗಾಲ ಹಿಡಿದ ಮೇಲೆ ತಟ್ಟೆ ಮಗುಚಿ ಇಡಿ.

ಇನ್ನೊಂದು ಉಪಾಯ: ನಳ್ಳಿಯ ಬುಡದಲ್ಲಿ ಹೊಯಿಗೆ ಹರಡಿ ಒದ್ದೆಯಾಗಿಡಿ. ಬಿಸಿಲೇರಿದ ಮೇಲೆ ಗಂಡು ಚಿಟ್ಟೆಗಳು ಗುಂಪಾಗಿ ಕೂತು ಉಪ್ಪಿನ ಸಾರ ಹೀರುತ್ತವೆ. ಫೋಟೊ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಅನ್ನ ಹಾಕಬೇಡಿ, ಹಣ್ಣು ಬಿಡಿ

ಉಳಿದ ಅನ್ನ ಹಾಕಿದರೆ ಬರುವುದು ಕಾಗೆ ಮತ್ತು ಇಲಿ. ಇಲಿಯ ಹಿಂದೆ ಹಾವು. ಅದರ ಬದಲು ಮರದ ತುದಿಯ ಪೇರಳೆ, ಬಪ್ಪಂಗಾಯಿ ಕೊಯ್ಯದೆ ಬಿಡಿ. ಹಗಲು ಪಿಕಳಾರ, ಕುಟ್ರ ಹಕ್ಕಿ ತಿನ್ನುತ್ತವೆ. ರಾತ್ರಿ ಬಾವಲಿ, ಪುನುಗು ಬೆಕ್ಕಿನ ಪಾಳಿ. ಬಲೆ ಕಟ್ಟಿ ಮರ ಮುಚ್ಚಬೇಡಿ. ಬಾವಲಿಯೂ ಹಾವೂ ಅದರಲ್ಲಿ ಸಿಕ್ಕಿ ಸಾಯುತ್ತವೆ. ಮಂಗ, ನವಿಲಿಗಂತೂ ತಿಂಡಿ ಕೊಡಲೇಬೇಡಿ. ರುಚಿ ಹತ್ತಿದ ಮಂಗ ನಾಳೆ ನಿಮ್ಮ ನೆರೆಯವರ ತೊಂಡೆ ಚಪ್ಪರ ಕೀಳುತ್ತದೆ.

ಗೂಡು ಕಟ್ಟಿದಾಗ

ಸೂರಕ್ಕಿಗೆ ಮನುಷ್ಯರ ಭಯ ಕಡಿಮೆ. ಜಗಲಿಯ ಬಟ್ಟೆ ಹಗ್ಗಕ್ಕೋ ಹಳೆಯ ವಯರಿಗೋ ಸಂಚಿಯಂತೆ ಗೂಡು ತೂಗುಬಿಡುತ್ತದೆ. ಜೇಡರ ಬಲೆ, ನಾರು, ತೊಗಟೆಚೂರು ಸೇರಿಸಿ ಹೆಚ್ಚಿನ ಕೆಲಸ ಹೆಣ್ಣೇ ಮಾಡುತ್ತದೆ. ದೂರದಿಂದ ನೋಡಿದರೆ ಕಸ ಸಿಕ್ಕಿಕೊಂಡಿದೆ ಅನ್ನಿಸಿ ಕಿತ್ತು ಹಾಕುವವರೂ ಇದ್ದಾರೆ. ಅದಕ್ಕೇ ಜೇಡರ ಬಲೆ ತೆಗೆಯುವಾಗ ಹೊರಗಿನದ್ದನ್ನು ಸ್ವಲ್ಪ ಉಳಿಸಿ. ಬಟ್ಟೆಗೆ ಇನ್ನೊಂದು ಹಗ್ಗ ಕಟ್ಟಿಕೊಳ್ಳಿ. ಕೆಲವು ವಾರದ ಮಾತು ಅಷ್ಟೆ. ಗೂಡಿನ ಬಾಯಿಗೆ ಮೊಬೈಲ್ ಹಿಡಿಯಬೇಡಿ. ನೀವು ಹೋಗಿ ಬಂದ ಜಾಡು ನೋಡಿ ಕಾಗೆ, ಕೆಂಬೂತ ಬರುತ್ತವೆ.

ಪುಕ್ಕ ಬಾರದ ಮರಿ ಕೆಳಗೆ ಬಿದ್ದಿದ್ದರೆ ಎತ್ತಿ ಗೂಡಿಗೇ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಬರೀ ನಂಬಿಕೆ. ಪುಕ್ಕ ಬಂದು ಕುಪ್ಪಳಿಸುವ ಮರಿಯಾದರೆ ಹಾರಲು ಕಲಿಯುತ್ತಿದೆ. ಬೆಕ್ಕನ್ನು ಒಳಗೆ ಕೂಡಿ ಹಾಕಿ, ಅದನ್ನು ಹತ್ತಿರದ ಪೊದೆಗೆ ಬಿಡಿ. ಪಂಜರದಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಗಿಳಿಗೂ ಇದೇ ಲೆಕ್ಕ.

ಸ್ಕೂಟರಿನ ಕನ್ನಡಿಗೆ ಹಕ್ಕಿ ಕುಕ್ಕುತ್ತಾ ಇದ್ದರೆ ತನ್ನ ಬಿಂಬವನ್ನೇ ಎದುರಾಳಿ ಅಂದುಕೊಂಡಿದೆ. ಹಳೆ ಕಾಲುಚೀಲ ಕನ್ನಡಿಗೆ ತೊಡಿಸಿ. ಜಗಳ ಮುಗಿಯುತ್ತದೆ.

ಹಾವಿನ ಪ್ರಶ್ನೆ

ಇಷ್ಟೆಲ್ಲ ಓದಿದವರು ಕೇಳುವುದು ಇದೊಂದನ್ನೇ: ಹಾವು ಬಂದರೆ? ಬರಬಹುದು. ತರಗೆಲೆ ಇಲ್ಲದ ಮನೆಗೂ ಬರುತ್ತದೆ. ನಾಗರಪಂಚಮಿಗೆ ಹಾಲೆರೆದು ಮರುದಿನ ಕೇರೆ ಹಾವಿಗೆ ದೊಣ್ಣೆ ಎತ್ತುವುದು ನಮ್ಮಲ್ಲಿ ನಡೆದೇ ಇದೆ. ಕೇರೆಗೆ ವಿಷವಿಲ್ಲ, ಇಲಿ ತಿಂದು ಬದುಕುತ್ತದೆ. ಆದರೆ ನಾಗರ, ಕಟ್ಟು ಹಾವು, ಕನ್ನಡಿ ಹಾವು ಕೂಡ ಇದೇ ಊರಿನವು. ಅದಕ್ಕೇ ಮೂಲೆ ಮನೆಯಿಂದ ದೂರ ಇರಲಿ ಅಂದದ್ದು. ಕಟ್ಟಿಗೆ, ತೆಂಗಿನ ಸಿಪ್ಪೆ, ಹಂಚಿನ ರಾಶಿ ಗೋಡೆಗೆ ತಾಗಿಸಿ ಇಡಬೇಡಿ. ಬಾಗಿಲಿನಿಂದ ನಳ್ಳಿಗೆ, ಕಟ್ಟಿಗೆ ಕೊಟ್ಟಿಗೆಗೆ ಹೋಗುವ ದಾರಿ ಚೊಕ್ಕವಾಗಿರಲಿ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಇಳಿಯಬೇಡಿ. ತರಗೆಲೆಯೊಳಗೆ ಬರಿಗೈ ಹಾಕಬೇಡಿ.

ಹಾವು ಕಂಡರೆ ದೂರ ನಿಂತು ದಾರಿ ಬಿಡಿ. ಒಳಗೆ ಬಂದು ಕೂತರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲ್ಲಾಡಿಸದೆ, ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರ ಹೋಗಿ. ಅಂಥ ಆಸ್ಪತ್ರೆ ನಿಮಗೆ ಹತ್ತಿರ ಯಾವುದು ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ನೋಡುವ ಹೊತ್ತು

ಹಕ್ಕಿಗೆ ಬೆಳಿಗ್ಗೆ ಕಾಫಿಯ ಹೊತ್ತು. ಚಿಟ್ಟೆಗೆ ಬಿಸಿಲು ತಾಗಿದ ಮೇಲೆ, ಒಂಬತ್ತೂವರೆಯಿಂದ. ಕಪ್ಪೆಗೆ ಮೊದಲ ಮಳೆಯ ರಾತ್ರಿ. ಅಂಗಳದ ಲೈಟ್ ಆರಿಸಿ, ಮೊಬೈಲಿನಲ್ಲಿ ಕೂಗು ರೆಕಾರ್ಡ್ ಮಾಡಿ. ಹೆಸರು ಗೊತ್ತಾಗದಿದ್ದರೆ ಫೋಟೊ, ಧ್ವನಿ ಎರಡನ್ನೂ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ತಿಳಿದವರು ಗುರುತಿಸಲು ನೆರವಾಗುತ್ತಾರೆ. ಮನೆಯ ಸರಿಯಾದ ಜಾಗ ಮರೆಮಾಡುವ ಸೌಲಭ್ಯ ಅದರಲ್ಲಿದೆ, ಬಳಸಿ.

ಗಿಡ ನೆಡಲು ಜೂನ್ ಮೊದಲ ಮಳೆಗಳು ಒಳ್ಳೆಯವು. ಮುರಕಲ್ಲಿನ ನೆಲವಾದರೆ ಪಿಕ್ಕಾಸು ಹಿಡಿದು ಮೇ ತಿಂಗಳಲ್ಲೇ ಒಂದೂವರೆ ಅಡಿ ಗುಂಡಿ ತೋಡಿ, ತರಗೆಲೆ ಮತ್ತು ಹಟ್ಟಿಗೊಬ್ಬರ ತುಂಬಿಸಿಡಿ. ಈಶ್ವರಿ ಬಳ್ಳಿಗೆ ಏರಲು ಒಂದು ಬೇಲಿಯೋ ಕಂಬವೋ ಬೇಕು. ಅದನ್ನೂ ಆಗಲೇ ಊರಿಬಿಡಿ.